ವಿದೇಶಿ ಕೋರ್ಟಿನ ಆದೇಶ ತಂದರೆ ಇನ್ನು ಮುಂದೆ ಏನು ಮಾಡುತ್ತೇವೆ: ನಮ್ಮ ಸದಸ್ಯರಿಗೆ, ಠೇವಣಿದಾರರಿಗೆ ಪತ್ರ

ಮಾನ್ಯ ಸದಸ್ಯರೇ, ಠೇವಣಿದಾರರೇ,

ನಮಸ್ಕಾರ. ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸೌಹಾರ್ದ ಸಹಕಾರಿಯ ಎಲ್ಲ ಶಾಖೆಗಳಲ್ಲೂ ಒಂದು ನಿಯಮ ಬದಲಾಗುತ್ತಿದೆ. ಹೊರದೇಶದ ಕೋರ್ಟಿನ ತೀರ್ಪಿನ ಪ್ರತಿಯನ್ನಷ್ಟೇ ತಂದು ತೋರಿಸಿದರೆ ಜಂಟಿ ಠೇವಣಿಯನ್ನು ಒಬ್ಬರ ಹೆಸರಿಗೆ ಮಾಡುವುದಿಲ್ಲ. ಲಾಕರ್ ತೆರೆಯುವುದಿಲ್ಲ, ಅಡವಿಟ್ಟ ಪತ್ರ ಬಿಟ್ಟುಕೊಡುವುದಿಲ್ಲ. ಅದಕ್ಕೆ ಭಾರತದ ಕೋರ್ಟಿನ ಆದೇಶ ಬೇಕು. ಜೊತೆಗೆ ಸಾಲದ ಅರ್ಜಿಯಲ್ಲೂ ಜಾಮೀನು ಪತ್ರದಲ್ಲೂ ಹೊಸದೊಂದು ಪ್ರಶ್ನೆ ಸೇರಿದೆ: ನಿಮ್ಮ ಮೇಲೆ ಹೊರದೇಶದ ಕೋರ್ಟಿನಲ್ಲಿ ಹಣದ ಕೇಸು ಇದೆಯಾ, ಡಿಕ್ರಿ (ಇಷ್ಟು ಹಣ ಕೊಡಬೇಕು ಅನ್ನುವ ಕೋರ್ಟಿನ ಆದೇಶ) ಆಗಿದೆಯಾ?

ಮಲೆನಾಡಿನ ಒಂದು ಸಹಕಾರಿಗೆ ದುಬೈ ಕೋರ್ಟಿನ ಉಸಾಬರಿ ಯಾಕೆ ಅಂತ ಕೆಲವರು ಈಗಾಗಲೇ ಕೇಳಿದ್ದೀರಿ. ಕಾರಣ ನಿಮ್ಮ ಮನೆಗಳಲ್ಲೇ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟ ನೋಡಿಕೊಳ್ಳುವವರು ಅಪ್ಪ ಅಮ್ಮ ಇಬ್ಬರೇ. ಮಗ ಡಲ್ಲಾಸ್‌ನಲ್ಲಿ, ಮಗಳು ಸಿಂಗಪುರದಲ್ಲಿ, ಅಳಿಯ ಶಾರ್ಜಾದಲ್ಲಿ. ದುಡಿಮೆ, ಸಾಲ, ಜಗಳ ಎಲ್ಲ ಅಲ್ಲಿ. ಠೇವಣಿ, ತೋಟ, ಲಾಕರಿನ ಬಂಗಾರ ಇಲ್ಲಿ. ಅಲ್ಲಿನ ಕೋರ್ಟಿನ ಕಾಗದ ಇಲ್ಲಿನ ಕೌಂಟರಿಗೆ ಬರದೆ ಇನ್ನೇನಾಗುತ್ತದೆ?

ಕಾಗದ ನೋಡಿದರೆ ಯಾರಿಗಾದರೂ ಭಯ ಭಕ್ತಿ ಹುಟ್ಟುತ್ತದೆ. ಬಂಗಾರದ ಬಣ್ಣದ ಮೊಹರು, ಮೂಲೆಯಲ್ಲಿ ರಿಬ್ಬನ್, ಮೇಲೊಂದು ಅಪೋಸ್ಟಿಲ್ ಹಾಳೆ. ಒಳಗೆ ಹದಿನೇಳನೇ ಪುಟದಲ್ಲಿ ಒಂದು ಸಾಲು: ತೋಟ ಹೆಂಡತಿಗೆ, ಸಹಕಾರಿಯ ಠೇವಣಿ ಅರ್ಧ ಅರ್ಧ. "ಅಪೋಸ್ಟಿಲ್ ಆಗಿದೆಯಲ್ಲ, ಇನ್ನೇನು ಬೇಕು" ಅಂತ ತಂದವರು ಕೇಳುತ್ತಾರೆ. ಅಪೋಸ್ಟಿಲ್ ಹೇಳುವುದು ಇಷ್ಟೇ: ಈ ಸಹಿ ಮತ್ತು ಮೊಹರು ಅಸಲಿ. ಆ ತೀರ್ಪು ಶಿವಮೊಗ್ಗದಲ್ಲಿ ಜಾರಿಯಾಗಬೇಕು ಅಂತ ಅದು ಹೇಳುವುದಿಲ್ಲ.

ಹಾಗಂತ ಹೊರದೇಶದ ತೀರ್ಪಿಗೆ ಇಲ್ಲಿ ಬೆಲೆಯೇ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದ್ದು. ಅದರ 13ನೇ ಕಲಮಿನ ಪ್ರಕಾರ ಹೊರದೇಶದ ಕೋರ್ಟು ತೀರ್ಮಾನಿಸಿದ ವಿಷಯ ಅದೇ ಕಕ್ಷಿದಾರರ ನಡುವೆ ಇಲ್ಲೂ ಅಂತಿಮ. ಆದರೆ ಆರು ಕಡೆ ಅದು ಬಿದ್ದುಹೋಗಬಹುದು. ಆ ಕೋರ್ಟಿಗೆ ಅಧಿಕಾರವೇ ಇರಲಿಲ್ಲ ಅನ್ನುವುದು ಒಂದು. ಕೇಸಿನ ಹೂರಣ ನೋಡದೆ ತೀರ್ಪು ಕೊಟ್ಟಿದ್ದರೆ ಇನ್ನೊಂದು. ಅಂತರರಾಷ್ಟ್ರೀಯ ಕಾನೂನನ್ನು ತಪ್ಪಾಗಿ ತಿಳಿದಿದ್ದರೆ, ಅಥವಾ ನಮ್ಮ ಕಾನೂನು ಅನ್ವಯವಾಗುವ ಕಡೆ ಅದನ್ನು ಒಪ್ಪದಿದ್ದರೆ, ಎದುರಿನವರಿಗೆ ಮಾತಾಡಲು ಅವಕಾಶವೇ ಕೊಡದಿದ್ದರೆ, ಮೋಸದಿಂದ ತೀರ್ಪು ಪಡೆದಿದ್ದರೆ, ಭಾರತದ ಕಾನೂನು ಮುರಿದು ಹುಟ್ಟಿದ ಹಕ್ಕನ್ನು ಎತ್ತಿಹಿಡಿದಿದ್ದರೆ, ಆಗಲೂ ನಿಲ್ಲುವುದಿಲ್ಲ. ಇದನ್ನೆಲ್ಲ ತೂಗಿ ನೋಡುವವರು ಯಾರು? ನ್ಯಾಯಾಧೀಶರು. ನಮ್ಮ ಶಾಖಾ ವ್ಯವಸ್ಥಾಪಕರಲ್ಲ. ನಿಯಮ ಬದಲಾಗಲು ಇದೇ ಕಾರಣ.

ತೋಟದ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾರತದ ಜಮೀನಿನ ಹಕ್ಕು ಯಾರದು ಅಂತ ತೀರ್ಮಾನಿಸುವ ಅಧಿಕಾರ ಹೊರದೇಶದ ಕೋರ್ಟಿಗಿಲ್ಲ. ತನ್ನ ಮುಂದೆ ನಿಂತ ಗಂಡನಿಗೆ "ಹೋಗಿ ಬರೆದುಕೊಡು, ಇಲ್ಲದಿದ್ದರೆ ನ್ಯಾಯಾಂಗ ನಿಂದನೆ" ಅಂತ ಅದು ಹೇಳಬಹುದು. ಅವನು ಹೆದರಿಯೋ ಒಪ್ಪಿಯೋ ಬಂದು ಇಲ್ಲಿ ನೋಂದಣಿ ಮಾಡಿಸಿಕೊಟ್ಟರೆ ಸರಿ. ಆದರೆ ಕ್ಯಾಲಿಫೋರ್ನಿಯಾದ ತೀರ್ಪಿನಿಂದ ಪಹಣಿಯಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ. ಪಹಣಿಯೇ ಬದಲಾಗದೆ ಆ ತೋಟದ ಮೇಲಿನ ನಮ್ಮ ಅಡಮಾನ ಹೇಗೆ ಬದಲಾಗುತ್ತದೆ?

ಹಣದ ಡಿಕ್ರಿಯ ದಾರಿ ಬೇರೆ. ಇಲ್ಲಿ ಯಾವ ದೇಶದ ಕೋರ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಕೇಂದ್ರ ಸರ್ಕಾರ ಕೆಲವು ದೇಶಗಳನ್ನು ಗೆಜೆಟ್‌ನಲ್ಲಿ ಹೆಸರಿಸಿದೆ. ಬ್ರಿಟನ್, ಸಿಂಗಪುರ, ಮಲೇಷ್ಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್ ಆ ಪಟ್ಟಿಯಲ್ಲಿವೆ. ಅಲ್ಲಿನ ಹೆಸರಿಸಿದ ಮೇಲಿನ ಕೋರ್ಟುಗಳ ಡಿಕ್ರಿಯ ದೃಢೀಕೃತ ಪ್ರತಿ, ಡಿಕ್ರಿಯ ಹಣ ಎಷ್ಟು ತೀರಿದೆ ಅನ್ನುವ ಆ ಕೋರ್ಟಿನ ಪ್ರಮಾಣಪತ್ರ, ಎರಡನ್ನೂ ಹಿಡಿದು ಸೀದಾ ಜಿಲ್ಲಾ ನ್ಯಾಯಾಲಯಕ್ಕೆ ಬರಬಹುದು. ಜಿಲ್ಲಾ ನ್ಯಾಯಾಲಯ ಅದನ್ನು ತನ್ನದೇ ಡಿಕ್ರಿ ಅನ್ನುವ ಹಾಗೆ ಅಮಲ್ಜಾರಿ ಮಾಡುತ್ತದೆ. ಹೊಸ ದಾವೆ ಬೇಡ. 13ನೇ ಕಲಮಿನ ತಕರಾರು ಇದ್ದರೆ ಸಾಲಗಾರ ಅಲ್ಲೇ ಎತ್ತಬೇಕು.

2020ರ ಜನವರಿ 17ರಂದು ಈ ಪಟ್ಟಿಗೆ ಯುಎಇ ಸೇರಿತು. ನಮ್ಮ ಕಡೆಯ ಎಷ್ಟೋ ಜನರಿಗೆ ಇದು ಇನ್ನೂ ಗೊತ್ತಿಲ್ಲ. ದುಬೈನಲ್ಲಿ ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿ ಬಿಟ್ಟು ವಿಮಾನ ಹತ್ತಿದರೆ ಕಥೆ ಮುಗಿಯಿತು ಅನ್ನುವ ಮಾತು ಊರಲ್ಲಿ ಇನ್ನೂ ಓಡಾಡುತ್ತಿದೆ. ಮುಗಿಯುವುದಿಲ್ಲ. ಅಲ್ಲಿನ ಕೋರ್ಟಿನ ಹಣದ ಡಿಕ್ರಿ ಶಿವಮೊಗ್ಗದ ಜಿಲ್ಲಾ ನ್ಯಾಯಾಲಯಕ್ಕೆ ಬರಬಹುದು, ನಮ್ಮಲ್ಲಿರುವ ನಿಮ್ಮ ಠೇವಣಿ ಜಪ್ತಿಯಾಗಬಹುದು. ಜಪ್ತಿ ಆದೇಶ ನಮ್ಮ ಕೈಗೆ ಬಂದ ದಿನ ನಾವು ಅದನ್ನು ಪಾಲಿಸಲೇಬೇಕು. ದಾಕ್ಷಿಣ್ಯಕ್ಕೆ ಅಲ್ಲಿ ಜಾಗ ಇಲ್ಲ. ಒಂದು ಸಮಾಧಾನ ಅಂದರೆ ತೆರಿಗೆ, ದಂಡದಂಥ ಬಾಕಿ ಈ ಕಲಮಿಗೆ ಬರುವುದಿಲ್ಲ. ಅಬುಧಾಬಿಯ ಟ್ರಾಫಿಕ್ ಫೈನ್ ಹಿಡಿದುಕೊಂಡು ಯಾರೂ ನಿಮ್ಮ ಪಿಗ್ಮಿ ಖಾತೆಗೆ ಬರುವುದಿಲ್ಲ ಬಿಡಿ.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಈ ಪಟ್ಟಿಯಲ್ಲಿಲ್ಲ. ಅಲ್ಲಿ ಗೆದ್ದವರು ಆ ತೀರ್ಪನ್ನೇ ಆಧಾರ ಮಾಡಿಕೊಂಡು ಇಲ್ಲಿ ಹೊಸದಾಗಿ ದಾವೆ ಹಾಕಬೇಕು. ಅದಕ್ಕೆ ಕಾಲಮಿತಿ ತೀರ್ಪಿನ ದಿನದಿಂದ ಮೂರು ವರ್ಷ. ದಾವೆ ಗೆದ್ದು ಇಲ್ಲಿನ ಡಿಕ್ರಿ ಕೈಗೆ ಬಂದ ಮೇಲೆ ಅಮಲ್ಜಾರಿ. ಪಟ್ಟಿಯಲ್ಲಿರುವ ದೇಶದ ಡಿಕ್ರಿಗೆ ಲೆಕ್ಕ ಬೇರೆ. ಅಲ್ಲಿ ಆ ದೇಶದ ಕಾಲಮಿತಿಯೇ ಅನ್ವಯ ಅಂತ ಸುಪ್ರೀಂ ಕೋರ್ಟು 2020ರ ಮಾರ್ಚ್‌ನಲ್ಲಿ ಹೇಳಿತು. ಆ ಕೇಸಿನಲ್ಲಿ 1995ರ ಲಂಡನ್ ಡಿಕ್ರಿಯನ್ನು 2009ರಲ್ಲಿ ಇಲ್ಲಿಗೆ ತಂದಿದ್ದರು. ಕಾಲ ಮೀರಿಹೋಗಿತ್ತು. ಆದ್ದರಿಂದ ಹಣ ಬರಬೇಕಾದವರು ನಮ್ಮ ಕೌಂಟರಿನಲ್ಲಿ ಅರ್ಜಿ ಕೊಟ್ಟು ಕಾಯುತ್ತಾ ಕೂರಬೇಡಿ. ನಾವು ಕಾಗದ ಇಟ್ಟುಕೊಂಡ ಮಾತ್ರಕ್ಕೆ ಕಾಲಮಿತಿ ನಿಲ್ಲುವುದಿಲ್ಲ.

ಇನ್ನೊಂದು ಮಾತು, ಹೊರದೇಶದಿಂದ ಸಮನ್ಸ್ ಬಂದವರಿಗೆ. "ಅಷ್ಟು ದೂರ ಯಾರು ಹೋಗ್ತಾರೆ, ಸುಮ್ನೆ ಇದ್ದರಾಯಿತು, ಏಕಪಕ್ಷೀಯ ತೀರ್ಪು ಇಲ್ಲಿ ನಡೆಯಲ್ಲ" ಅನ್ನುವ ಸಲಹೆ ಕೊಡುವವರು ಜಾಸ್ತಿ ಇದ್ದಾರೆ. ಅದು ಅರ್ಧ ಸತ್ಯ. ಪ್ರತಿವಾದಿ ಬರಲಿಲ್ಲ ಅನ್ನುವ ಒಂದೇ ಕಾರಣಕ್ಕೆ, ಸಾಕ್ಷ್ಯ ನೋಡದೆ ಕೊಟ್ಟ ಡಿಕ್ರಿ ಹೂರಣ ನೋಡಿ ಕೊಟ್ಟಿದ್ದಲ್ಲ ಅಂತ ಸುಪ್ರೀಂ ಕೋರ್ಟು 2001ರಲ್ಲಿ ಹೇಳಿದೆ, ನಿಜ. ಆದರೆ ನೀವು ಹೋಗದಿದ್ದರೂ ಆ ಕೋರ್ಟು ದಾಖಲೆ, ಸಾಕ್ಷ್ಯ ನೋಡಿ ಬರೆದಿದ್ದರೆ? ಆಗ ಆ ತೀರ್ಪು ಇಲ್ಲೂ ನಿಲ್ಲಬಹುದು, ನಿಮ್ಮ ವಾದ ಮಾತ್ರ ಎಲ್ಲೂ ದಾಖಲಾಗಿರುವುದಿಲ್ಲ. ಸಮನ್ಸ್ ಬಂದ ವಾರವೇ ವಕೀಲರಿಗೆ ತೋರಿಸಿ. ಹೋಗಬೇಕೋ ಬೇಡವೋ ಅವರು ಹೇಳಲಿ. ಹೋಗಿ ವಾದ ಮಾಡಿದರೆ ಆ ಕೋರ್ಟಿನ ಅಧಿಕಾರ ಒಪ್ಪಿದ ಹಾಗಾಗುವುದೂ ಉಂಟು.

ವಿಚ್ಛೇದನದ ಆದೇಶಗಳ ವಿಷಯದಲ್ಲಿ ನಮ್ಮ ಸಿಬ್ಬಂದಿ ಇನ್ನೂ ಬಿಗಿಯಾಗಿರುತ್ತಾರೆ. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ಜೋಡಿಗೆ ಅಮೆರಿಕದ ಮಿಸೌರಿ ರಾಜ್ಯದ ಕೋರ್ಟು ಕೊಟ್ಟ ವಿಚ್ಛೇದನವನ್ನು ಸುಪ್ರೀಂ ಕೋರ್ಟು 1991ರಲ್ಲಿ ಒಪ್ಪಲಿಲ್ಲ. ಯಾವ ಕಾನೂನಿನಡಿ ಮದುವೆಯಾಯಿತೋ ಅದರ ಪ್ರಕಾರವೇ ಕೋರ್ಟಿನ ಅಧಿಕಾರವೂ ವಿಚ್ಛೇದನದ ಕಾರಣವೂ ಇರಬೇಕು ಅನ್ನುವುದು ಅದರ ಮೂಲ ಮಾತು. ಇದಕ್ಕೆ ಅಪವಾದಗಳೂ ಇವೆ. ಎದುರಿನವರು ಆ ಕೋರ್ಟಿಗೆ ಮನಸಾರೆ ಒಳಪಟ್ಟು ವಾದ ಮಾಡಿದ್ದರೆ, ಅಥವಾ ವಿಚ್ಛೇದನಕ್ಕೆ ಒಪ್ಪಿದ್ದರೆ ಮಾತು ಬೇರೆ. ಆದ್ದರಿಂದ ಠೇವಣಿಯಿಂದ ಹೆಂಡತಿಯ ಹೆಸರು ತೆಗೆಯಿರಿ ಅಂತ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸುವವರಿಗೆ ನಮ್ಮ ಉತ್ತರ ಒಂದೇ: ಆಗುವುದಿಲ್ಲ.

ಇದು ಪರದೇಶದ ಮೇಲಿನ ಅನುಮಾನ ಅಲ್ಲ. ಸಂಸ್ಥಾನಗಳ ಕಾಲದಲ್ಲಿ ನಾವೂ ಪರದೇಶವೇ ಆಗಿದ್ದೆವು. ಶಿವಮೊಗ್ಗ ಮೈಸೂರು ಸಂಸ್ಥಾನ, ಆಗುಂಬೆ ಘಾಟಿ ಇಳಿದರೆ ಮದ್ರಾಸು ಪ್ರಾಂತ್ಯ. ಬೆಂಗಳೂರು, ಮದ್ರಾಸು ಎರಡೂ ಕಡೆ ಆಸ್ತಿ ಇದ್ದ ಒಂದು ಮನೆತನದ ವ್ಯಾಜ್ಯದಲ್ಲಿ ಮೈಸೂರು ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು ವಿದೇಶಿ ತೀರ್ಪು ಅಂತಲೇ ಇದೇ 13ನೇ ಕಲಮಿನ ಮೇಲೆ ಇಟ್ಟು ನೋಡಿದೆ. ಅದು 1960ರ ದಶಕದ ತೀರ್ಪು. ಆಸಕ್ತಿ ಇರುವ ವಕೀಲ ಮಿತ್ರರು ಚಹಾ ಕುಡಿಯಲು ಬಂದಾಗ ಇದರ ಬಗ್ಗೆ ಹರಟಬಹುದು.

ಈಗ ಕೆಲಸದ ಮಾತು. ಇಬ್ಬರಿಗೂ ಒಪ್ಪಿಗೆ ಇದ್ದರೆ ಕೋರ್ಟು ಬೇಡವೇ ಬೇಡ. ಜಂಟಿ ಖಾತೆದಾರರು ಇಬ್ಬರೂ ಸಹಿ ಮಾಡಿದ ಪತ್ರ ಕೊಡಿ. ಹೊರಗಿರುವವರು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿ ಮೂಲ ಪ್ರತಿ ಕಳಿಸಲಿ. ಒಪ್ಪಿಗೆ ಇಲ್ಲ, ಇನ್ನೊಬ್ಬರು ಹಣ ತೆಗೆದುಬಿಡುತ್ತಾರೆ ಅನ್ನುವ ಭಯ ಇದ್ದರೆ ಖಾತೆದಾರರಾಗಿ ನೀವೊಬ್ಬರೇ ಲಿಖಿತ ತಕರಾರು ಕೊಡಬಹುದು. ಆಮೇಲೆ ಇಬ್ಬರ ಸಹಿ ಇಲ್ಲದೆ ಹಣ ಕೊಡುವುದಿಲ್ಲ. ಈ ನಿಯಮ ಮೊದಲಿನಿಂದಲೂ ಇದೆ, ಅದಕ್ಕೆ ಯಾವ ದೇಶದ ತೀರ್ಪೂ ಬೇಡ.

ತೀರಿಹೋದವರ ಠೇವಣಿಗೆ ನಾಮಿನಿ ಇದ್ದರೆ ನಾಮಿನಿಗೆ ಕೊಡುತ್ತೇವೆ. ಇಲ್ಲದಿದ್ದರೆ ಇಲ್ಲಿನ ಕೋರ್ಟಿನ ವಾರಸಾ ಪ್ರಮಾಣಪತ್ರ ತನ್ನಿ. ಉಯಿಲು ಹೊರದೇಶದಲ್ಲಿ ಪ್ರೊಬೇಟ್ ಆಗಿದ್ದರೆ, ಅಂದರೆ ಅಲ್ಲಿನ ಕೋರ್ಟು ಅದನ್ನು ಅಸಲಿ ಅಂತ ಒಪ್ಪಿದ್ದರೆ, ಅದೂ ವ್ಯರ್ಥವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 228ನೇ ಕಲಮಿನಡಿ ಆ ಉಯಿಲಿನ ದೃಢೀಕೃತ ಪ್ರತಿಯ ಮೇಲೆ ಇಲ್ಲಿನ ಕೋರ್ಟಿನಿಂದ ಆಡಳಿತ ಪತ್ರ (ತೀರಿಹೋದವರ ಆಸ್ತಿ ನಿರ್ವಹಿಸುವ ಅಧಿಕಾರ ಪತ್ರ) ಪಡೆಯಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ನಾಮಿನಿ ಹೆಸರು ಇದೆಯಾ ಅಂತ ಈ ವಾರವೇ ಪಾಸ್‌ಬುಕ್ ನೋಡಿ. ಇಷ್ಟೆಲ್ಲ ಓಡಾಟ ತಪ್ಪುತ್ತದೆ.

ಸಾಲದ ಅರ್ಜಿಯ ಹೊಸ ಪ್ರಶ್ನೆಗೆ "ಹೌದು" ಅಂತ ಬರೆದರೆ ಸಾಲ ಸಿಗುವುದಿಲ್ಲ ಅಂತೇನಿಲ್ಲ. ಡಿಕ್ರಿಯ ಪ್ರತಿ ಕೊಡಿ, ಎಷ್ಟು ತೀರಿದೆ ತಿಳಿಸಿ, ಮಂಡಳಿ ನೋಡುತ್ತದೆ. ಮುಚ್ಚಿಟ್ಟು ಆಮೇಲೆ ಜಪ್ತಿ ಬಂದರೆ ಕಷ್ಟ ನಿಮಗಿಂತ ಮೊದಲು ನಿಮ್ಮ ಜಾಮೀನುದಾರರ ಬಾಗಿಲಿಗೆ ಹೋಗುತ್ತದೆ. ಹಳೆಯ ಸಾಲಗಾರರು, ಜಾಮೀನುದಾರರು ಮುಂದಿನ ನವೀಕರಣದ ಹೊತ್ತಿಗೆ ಈ ನಮೂನೆ ತುಂಬಿಕೊಟ್ಟರೆ ಸಾಕು. ನಮೂನೆಗೆ ಶುಲ್ಕ ಇಲ್ಲ, ಎಲ್ಲ ಶಾಖೆಗಳಲ್ಲೂ ಸಿಗುತ್ತದೆ. ಹೊರದೇಶದ ಕಾಗದ ಯಾವುದಾದರೂ ನಿಮ್ಮ ಹತ್ತಿರ ಈಗಾಗಲೇ ಇದ್ದರೆ ಮೂಲ ಪ್ರತಿ ನಮ್ಮಲ್ಲಿ ಬಿಟ್ಟುಹೋಗಬೇಡಿ, ಜೆರಾಕ್ಸ್ ಮಾತ್ರ ತನ್ನಿ. ಮೂಲ ನಿಮ್ಮ ವಕೀಲರಿಗೆ ಬೇಕಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಆಡಳಿತ ಮಂಡಳಿಯ ಪರವಾಗಿ