ಸಾನಿ ರಾಮ್‌ಫಾಲ್ ಬಗ್ಗೆ, ಮಂಜುವಿಗೆ

ಪ್ರೀತಿಯ ಮಂಜು,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. ಸೋತ ಮಂತ್ರಿಗೆ ನಿಗಮ-ಮಂಡಳಿ, ಇನ್ನೂ ದೊಡ್ಡವರಿಗೆ ಯಾವುದೋ ದೇಶದ ರಾಯಭಾರ, ಎಲ್ಲ ಪುನರ್ವಸತಿಯೇ ಅಂದೆ. ಬಹಳಷ್ಟು ಸಲ ನಿಜವೇ. ಆದರೆ ದಕ್ಷಿಣ ಅಮೆರಿಕದ ಪುಟ್ಟ ದೇಶ ಗಯಾನಾದ ಶ್ರೀದತ್ ರಾಮ್‌ಫಾಲ್ ಅವರ ವಿಷಯ ಬಲ್ಲ ನನಗೆ ಅದನ್ನು ಪೂರ್ತಿ ಒಪ್ಪಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಹುಟ್ಟಿದ್ದು 1928ರಲ್ಲಿ, ನ್ಯೂ ಆಮ್‌ಸ್ಟರ್‌ಡ್ಯಾಂ ಎಂಬ ಊರಲ್ಲಿ. ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಭಾರತದಿಂದ ಹಡಗು ಹತ್ತಿದವರ ವಂಶ. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಸಾನಿ ಅಂತ. ಲಂಡನ್ನಿನಲ್ಲಿ ಕಾನೂನು ಓದಿದರು. ದೇಶ 1966ರಲ್ಲಿ ಸ್ವತಂತ್ರವಾದಾಗ ಅಟಾರ್ನಿ ಜನರಲ್, ಆಮೇಲೆ ವಿದೇಶಾಂಗ ಸಚಿವ. ಅಲ್ಲಿನ ಪ್ರಧಾನಿ ಬರ್ನ್‌ಹ್ಯಾಮ್ ಅವರ ಸರ್ಕಾರ ಚುನಾವಣೆಗಳಲ್ಲಿ ಅಕ್ರಮ ಮಾಡಿತ್ತು, ಆ ಸಂಪುಟದಲ್ಲಿ ಇವರೂ ಇದ್ದರು. ಅದನ್ನು ನಾನು ಮುಚ್ಚಿಡುವುದಿಲ್ಲ, ನನಗೆ ಅದು ಈಗಲೂ ಚುಚ್ಚುತ್ತದೆ. ಆದರೆ ವ್ಯಾಪಾರ ಮತ್ತು ನೆರವಿನ ಬಗ್ಗೆ ಆದ 1975ರ ಲೋಮೆ ಒಪ್ಪಂದದ ಮಾತುಕತೆಯಲ್ಲಿ ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್‌ನ 46 ದೇಶಗಳು ಯುರೋಪಿನ ಎದುರು ಒಂದೇ ದನಿಯಲ್ಲಿ ಮಾತಾಡಿದ್ದರ ಹಿಂದೆ ದುಡಿದವರಲ್ಲಿ ಇವರೂ ಮುಖ್ಯರು. ಅದೇ ವರ್ಷ, ಬ್ರಿಟನ್ ಮತ್ತು ಅದರ ಹಳೆಯ ವಸಾಹತುಗಳ ಕೂಟವಾದ ಕಾಮನ್‌ವೆಲ್ತ್‌ನ ಪ್ರಧಾನ ಕಾರ್ಯದರ್ಶಿಯಾದರು. ಆಗ ವಯಸ್ಸು ಇನ್ನೂ 46. ಸೋತು ಸುಣ್ಣವಾಗಿ ಹೋದವರಲ್ಲ, ನೋಡು.

15 ವರ್ಷ ಆ ಕುರ್ಚಿಯಲ್ಲಿದ್ದರು. ಸೈನ್ಯವಿಲ್ಲ, ದೊಡ್ಡ ಹಣವಿಲ್ಲ, ಯಾರಿಗೂ ಹುಕುಂ ಮಾಡುವ ಅಧಿಕಾರವಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ.

1979ರ ಆಗಸ್ಟ್‌ನಲ್ಲಿ ಜಾಂಬಿಯಾದ ಲುಸಾಕಾದಲ್ಲಿ ನಡೆದ ಕಾಮನ್‌ವೆಲ್ತ್ ನಾಯಕರ ಸಮ್ಮೇಳನವನ್ನೇ ತೆಗೆದುಕೊ. ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಬಿಳಿಯರ ಹಿಡಿತದ ವಿರುದ್ಧ ಯುದ್ಧ ನಡೆದಿತ್ತು. ಬ್ರಿಟನ್ನಿನಲ್ಲಿ ಹೊಸದಾಗಿ ಪ್ರಧಾನಿಯಾಗಿದ್ದ ಥ್ಯಾಚರ್, ರೊಡೇಷಿಯಾದಲ್ಲಿ ಬಿಳಿಯರ ಬೆಂಬಲದಿಂದ ನಡೆಯುತ್ತಿದ್ದ ಮುಜೊರೆವಾ ಸರ್ಕಾರಕ್ಕೆ ಮಾನ್ಯತೆ ಕೊಟ್ಟೇಬಿಡುತ್ತಾರೆಂದು ಆಫ್ರಿಕಾದ ನಾಯಕರು ಕುದಿಯುತ್ತಿದ್ದರು. ಥ್ಯಾಚರ್, ಜಾಂಬಿಯಾದ ಕೌಂಡಾ, ತಾಂಜಾನಿಯಾದ ನ್ಯೆರೆರೆ, ಜಮೈಕಾದ ಮ್ಯಾನ್ಲಿ, ಆಸ್ಟ್ರೇಲಿಯಾದ ಪ್ರಧಾನಿ ಫ್ರೇಸರ್ ಮತ್ತು ನೈಜೀರಿಯಾದ ಪ್ರತಿನಿಧಿ ಸಣ್ಣ ಗುಂಪಾಗಿ ಕೂತರು, ರಾಮ್‌ಫಾಲ್ ಜೊತೆಗಿದ್ದರು. ಹೊಸ ಸಂವಿಧಾನ, ಬ್ರಿಟನ್ನಿನ ಉಸ್ತುವಾರಿಯಲ್ಲಿ ಚುನಾವಣೆ ಎಂದು ಕರಡು ಸಿದ್ಧವಾಯಿತು. ಸೋಮವಾರ ಎಲ್ಲರ ಮುಂದಿಡಬೇಕು. ಅಷ್ಟರಲ್ಲಿ, ಭಾನುವಾರವೇ, ಫ್ರೇಸರ್ ತಮ್ಮ ದೇಶದ ಪತ್ರಕರ್ತರಿಗೆ ಬಾಯಿಬಿಟ್ಟರು! ಥ್ಯಾಚರ್‌ಗೆ ಸಿಟ್ಟು ಬಂತು. ಆ ಸಂಜೆ ಆಸ್ಟ್ರೇಲಿಯಾದವರೇ ಏರ್ಪಡಿಸಿದ್ದ ಬಾರ್ಬೆಕ್ಯೂ ಇತ್ತು. ನಾಯಕರು ಅಲ್ಲೇ ಸೇರಿ ಒಪ್ಪಿಗೆ ಕೊಟ್ಟರು. ಸೋಮವಾರದವರೆಗೆ ಬಿಟ್ಟಿದ್ದರೆ ಕೆಟ್ಟುಹೋಗಬಹುದಾಗಿದ್ದ ಕೆಲಸ ಊಟದ ಹೊತ್ತಿಗೆ ಕೈಗೂಡಿತು.

ಆಮೇಲೆ, ಆ ಕರಡಿನಂತೆ ರೊಡೇಷಿಯಾದ ಎಲ್ಲ ಪಕ್ಷಗಳನ್ನು ಕೂರಿಸಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಮಾತುಕತೆ. ಅಲ್ಲಿ ಕಗ್ಗಂಟಾದದ್ದು ಭೂಮಿ. ಫಲವತ್ತಾದ ನೆಲದ ಬಹುಪಾಲು ಬಿಳಿಯರ ಕೈಯಲ್ಲಿ; ಅವರು ಮಾರಿದರೆ ಮಾತ್ರ ಕೊಳ್ಳಬೇಕು ಅಂತ ಬ್ರಿಟನ್. ಕೊಳ್ಳಲು ದುಡ್ಡೆಲ್ಲಿ? ಹೋರಾಟಗಾರರ ನಾಯಕರಾದ ಎನ್ಕೊಮೊ, ಮುಗಾಬೆ ಎದ್ದು ಹೋಗುವುದರಲ್ಲಿದ್ದರು. ರಾಮ್‌ಫಾಲ್ ಸದ್ದಿಲ್ಲದೆ ಲಂಡನ್ನಿನಲ್ಲಿದ್ದ ಅಮೆರಿಕದ ರಾಯಭಾರಿ ಕಿಂಗ್‌ಮನ್ ಬ್ರೂಸ್ಟರ್ ಅವರನ್ನು ಹಿಡಿದರು. ಹಣಕ್ಕೆ ನಾವೂ ಕೈಜೋಡಿಸುತ್ತೇವೆ ಎಂಬ ಭರವಸೆ ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರ ಸರ್ಕಾರದಿಂದ ಬಂತು, ಮಾತುಕತೆ ಉಳಿಯಿತು. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಹುಟ್ಟಿತು. ಆದರೆ ಆ ಭರವಸೆಯಲ್ಲಿ ಇಷ್ಟು ಎಂಬ ಮೊತ್ತವಿರಲಿಲ್ಲ. ಜಮೀನಿನ ಜಗಳ 20 ವರ್ಷದ ನಂತರ ಹೇಗೆ ಸಿಡಿಯಿತು ಅಂತ ನಿನಗೂ ಗೊತ್ತು. ಆದರೂ ಆ ದಿನ ಯುದ್ಧ ನಿಲ್ಲುವುದೇ ದೊಡ್ಡದಾಗಿತ್ತು, ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದ ಮೇಲೆ ಆರ್ಥಿಕ ದಿಗ್ಬಂಧನ ಹೇರುವ ವಿಷಯದಲ್ಲಿ ಥ್ಯಾಚರ್ ಜೊತೆ ವರ್ಷಗಟ್ಟಲೆ ಜಟಾಪಟಿ. 1986ರಲ್ಲಿ ಕಾಮನ್‌ವೆಲ್ತ್ ಕಳಿಸಿದ ಗಣ್ಯರ ತಂಡ ಜೈಲಿನಲ್ಲಿ ಮಂಡೇಲಾರನ್ನು ಕಂಡಿತು. ನಮ್ಮ ಮಾಜಿ ವಿದೇಶಾಂಗ ಸಚಿವ ಸ್ವರಣ್ ಸಿಂಗ್ ಕೂಡ ಆ ತಂಡದ ಸದಸ್ಯರು. ತಂಡ ಇನ್ನೂ ಅಲ್ಲಿರುವಾಗಲೇ ದಕ್ಷಿಣ ಆಫ್ರಿಕಾದ ಸರ್ಕಾರ ನೆರೆಯ ಮೂರು ದೇಶಗಳ ಮೇಲೆ ದಾಳಿ ಮಾಡಿ ಎಲ್ಲ ಹಾಳುಮಾಡಿತು. ರಾಮ್‌ಫಾಲ್ ಮಾತ್ರ ದಿಗ್ಬಂಧನದ ಪಟ್ಟು ಬಿಡಲಿಲ್ಲ.

ಇನ್ನೊಂದು ಹೇಳಲೇಬೇಕು. ಗಯಾನಾದ ಮೂರನೇ ಎರಡು ಭಾಗದಷ್ಟಿರುವ ಎಸ್ಸೆಕ್ವಿಬೊ ಪ್ರದೇಶ ತನ್ನದು ಅನ್ನುತ್ತದೆ ವೆನೆಜುವೆಲಾ. ಅದರ ಬಗ್ಗೆ 1966ರ ಜಿನೀವಾ ಒಪ್ಪಂದವಾದಾಗ ಮಾತುಕತೆಯಲ್ಲಿ ಯುವಕ ರಾಮ್‌ಫಾಲ್ ಇದ್ದರು. 2020ರ ಜೂನ್‌ನಲ್ಲಿ, 91ನೇ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ವಿಡಿಯೊ ಮೂಲಕ ದೇಶದ ಪರ ವಾದಿಸಿದರು. ಪ್ರಕರಣ ವಿಚಾರಿಸುವ ಅಧಿಕಾರ ತನಗಿದೆ ಎಂದು ಡಿಸೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು, ಅದೇ ಜಿನೀವಾ ಒಪ್ಪಂದದ ಆಧಾರದ ಮೇಲೆ. ಅಂತಿಮ ತೀರ್ಪು ಬರುವ ಮೊದಲೇ, 2024ರ ಆಗಸ್ಟ್ 30ರಂದು ತೀರಿಕೊಂಡರು.

ಈಗ ಹೇಳು, ಇದಕ್ಕೂ ಪುನರ್ವಸತಿ ಅನ್ನುತ್ತೀಯಾ? ಸಿಟ್ಟಾಗದೆ ಉತ್ತರ ಬರಿ. ಅತ್ತಿಗೆಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ
ಗೆಳೆಯ