ಸೋಡಿಯಂ ಸುಮ್ನೆ ಕೊಡುವುದಿಲ್ಲ: ಗೆಳೆಯನಿಗೊಂದು ಪತ್ರ

ಮಂಗಳೂರು

ಪ್ರಿಯ ಗೆಳೆಯ,

ನಿನ್ನ ಮೆಸೇಜ್ ಓದಿ ನಗು ಬಂತು. "ಮಿಷನ್ ಕಾಲೇಜು ಸೇರಿದ್ದೀಯ, ಇನ್ನು ಕೆಮಿಸ್ಟ್ರಿಗೂ ಬೈಬಲ್ ವಾಕ್ಯ ಸೇರಿಸಿ ಪಾಠ ಮಾಡಬೇಕಾ?" ಅಂತ ಕೇಳಿದ್ದೀಯ. ಅದಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ ಮಾರಾಯ. ಅದಕ್ಕೇ ಈ ಪತ್ರ. ಇದೇ ಪಾಠ ಮಾಡುವ ಇನ್ನು ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಬೇಜಾರು ಮಾಡ್ಕೋಬೇಡ.

ನಮ್ಮಲ್ಲಿ ಬೆಳಿಗ್ಗೆ ಮೈಕಿನಲ್ಲಿ ಪ್ರಾರ್ಥನೆ ಉಂಟು. ಸ್ಮಾರ್ಟ್ ಬೋರ್ಡಿನ ಮೇಲೆ ಗೋಡೆಯಲ್ಲಿ ಶಿಲುಬೆ ಉಂಟು. ಕ್ರೈಸ್ತ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಧರ್ಮದ ಪಾಠ, ನಡೆಯುವ ಹೊತ್ತಿಗೆ ಉಳಿದವರಿಗೆ ಮೌಲ್ಯ ಶಿಕ್ಷಣ. ಬೆಂಚಿನಲ್ಲಿ ಮಾತ್ರ ಎಲ್ಲರೂ ಬೆರೆತೇ ಕೂರುತ್ತಾರೆ. ಕೊಂಕಣಿ ಮಾತಾಡುವವರು, ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಘಟ್ಟದ ಮೇಲಿನಿಂದ ಬಂದು ಹಾಸ್ಟೆಲಿನಲ್ಲಿ ಇರುವವರು. ಪಾಠ ಯೋಜನೆಯ ಹಾಳೆಯಲ್ಲಿ ಕೊನೆಗೆ 'ಮೌಲ್ಯ' ಅಂತ ಒಂದು ಕಾಲಂ ಇದೆ. ತುಂಬಲೇಬೇಕು ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ಆದರೆ ಖಾಲಿ ಬಿಟ್ಟರೆ ಸಿಸ್ಟರ್ ಕನ್ನಡಕ ಸರಿ ಮಾಡಿಕೊಂಡು ಒಮ್ಮೆ ನೋಡುತ್ತಾರೆ. ಅಷ್ಟೇ ಸಾಕು.

ಮೋಲ್ ಲೆಕ್ಕಕ್ಕೆ ಆ ಕಾಲಂನಲ್ಲಿ ಏನು ಬರೆಯುವುದು ಅಂತ ತಲೆ ಕೆರೆದುಕೊಳ್ಳಬೇಕು. ಪ್ರಥಮ ಪಿಯುಸಿಯ ನಾಲ್ಕನೇ ಅಧ್ಯಾಯ, ಕೆಮಿಕಲ್ ಬಾಂಡಿಂಗಿಗೆ, ಅಂದರೆ ಪರಮಾಣುಗಳು ಒಂದಕ್ಕೊಂದು ಸೇರುವ ಪಾಠಕ್ಕೆ ಬಂದರೆ ಪೆನ್ನು ತಾನಾಗಿ ಓಡುತ್ತದೆ. ಎಲೆಕ್ಟ್ರಾನ್ ಕೊಟ್ಟು ತಗೊಳ್ಳುವ ಅಯಾನಿಕ್ ಬಾಂಡ್ ಅಂದರೆ ತ್ಯಾಗ. ಎಲೆಕ್ಟ್ರಾನನ್ನು ಇಬ್ಬರೂ ಬಳಸುವ ಕೋವೇಲೆಂಟ್ ಬಾಂಡ್ ಅಂದರೆ ಹಂಚಿ ತಿನ್ನುವುದು. ಸೋಡಿಯಂ ತನ್ನ ಹೊರಕವಚದಲ್ಲಿದ್ದ ಒಂದೇ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಸಂತೋಷದಿಂದ ಕೊಟ್ಟಿತು, ಎರಡೂ ಸೇರಿ ಉಪ್ಪಾಯಿತು. ಪಕ್ಕದಲ್ಲಿ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆ ಬರೆದರೆ ಕಾಲಂ ಭರ್ತಿ. ಮದುವೆಯಲ್ಲಿ ಫಾದರ್ ಮಾಡುವ ಪ್ರಸಂಗದಲ್ಲೇ (ಪ್ರವಚನದಲ್ಲೇ) ಸೋಡಿಯಂ, ಕ್ಲೋರಿನ್ ಗಂಡ ಹೆಂಡತಿ ಆದದ್ದನ್ನು ನಾನು ಕೇಳಿದ್ದೇನೆ.

ನನಗೆ ಇದು ಹಿಡಿಸುವುದಿಲ್ಲ. ಧರ್ಮದ ಮಾತು ಬೇಡ ಅಂತ ಅಲ್ಲ. ಭಾನುವಾರ ನಾನೂ ಇಗರ್ಜಿಗೆ ಹೋಗುವವನೇ. ಇದರಿಂದ ಕೆಮಿಸ್ಟ್ರಿ ಹಾಳಾಗುತ್ತದೆ, ಅದಕ್ಕೆ ಬೇಡ. ಎಸ್‌ಎಸ್‌ಎಲ್‌ಸಿ ಮುಗಿಸಿ ಬರುವ ಮಕ್ಕಳ ತಲೆಯಲ್ಲಿ ಮೊದಲೇ "ಸೋಡಿಯಂಗೆ ಕೊಡಲು ಇಷ್ಟ, ಕ್ಲೋರಿನ್ನಿಗೆ ತಗೊಳ್ಳಲು ಆಸೆ" ಅಂತ ಕೂತಿರುತ್ತದೆ. ಅದರ ಮೇಲೆ ನಾವು ಪುಣ್ಯದ ಬಣ್ಣ ಬಳಿದರೆ ಮುಗಿಯಿತು. ಆಮೇಲೆ ಎಂಥಾಲ್ಪಿ, ಅಂದರೆ ಒಳಗೆ ಹೋಗುವ ಹೊರಗೆ ಬರುವ ಶಾಖದ ಲೆಕ್ಕ, ಕಿವಿಗೇ ಬೀಳುವುದಿಲ್ಲ.

ಹಾಗಾಗಿ ಈ ಸಲ ಎಲ್ಲರಿಗೂ ಒಂದೇ ಗೂಗಲ್ ಶೀಟ್ ಕೊಟ್ಟೆ. ಮೊದಲೆಲ್ಲ ಇಂಥದ್ದಕ್ಕೆ ಎಲ್ಲರೂ ಒಟ್ಟಿಗೆ ಬರೆಯುವ ಜಾಮ್‌ಬೋರ್ಡ್ ಎಂಬ ಆನ್‌ಲೈನ್ ಬೋರ್ಡ್ ಇತ್ತು. 2024ರ ಕೊನೆಗೆ ಗೂಗಲ್‌ನವರು ಅದನ್ನು ಮುಚ್ಚಿದರು. ಈಗ ಚಿತ್ರಕ್ಕೆ ಸ್ಲೈಡ್ಸ್, ಲೆಕ್ಕಕ್ಕೆ ಶೀಟ್ಸ್. ಕಾಲೇಜಿಗೆ ಮೊಬೈಲ್ ತರುವ ಹಾಗಿಲ್ಲ, ಆದ್ದರಿಂದ ಕಂಪ್ಯೂಟರ್ ಲ್ಯಾಬಿನಲ್ಲೇ ಪಾಠ. ಮೂವರಿಗೆ ಒಂದು ಕಂಪ್ಯೂಟರ್. ಬರೀ ಲಿಂಕ್ ಕೊಟ್ಟರೆ ಹೆಸರಿನ ಬದಲು 'ಅನಾನಿಮಸ್ ಕ್ಯಾಪಿಬಾರಾ' ಅಂತೆಲ್ಲ ಪ್ರಾಣಿಗಳ ಹೆಸರು ಬರುತ್ತದೆ ಗೊತ್ತಲ್ಲ? ಹೆಸರಿಲ್ಲ ಅಂದ ಕೂಡಲೇ ಹುಡುಗರಿಗೆ ಬಾಲ ಬರುತ್ತದೆ. ನೀನು ಮಾಡುವುದಾದರೆ ಕಾಲೇಜಿನ ಐಡಿಯಲ್ಲೇ ಲಾಗಿನ್ ಮಾಡಿಸು. ಯಾರು ಯಾವ ಸೆಲ್ ಮುಟ್ಟಿದರು ಅಂತ ಹಿಸ್ಟರಿಯಲ್ಲಿ ಸಿಗುತ್ತದೆ.

ನಿಯಮ ಒಂದೇ. ಸ್ಲೈಡಿನಲ್ಲಿ ಎಲೆಕ್ಟ್ರಾನಿನ ಚುಕ್ಕೆಯನ್ನು ಎಳೆಯುವ ಮೊದಲು ಅದರ ಬೆಲೆಯನ್ನು, ಅಂದರೆ ಎಷ್ಟು ಶಕ್ತಿ ಹಾಕಬೇಕು ಇಲ್ಲವೇ ಹೊರಬರುತ್ತದೆ ಅನ್ನುವುದನ್ನು, ಶೀಟಿನಲ್ಲಿ ಬರೆಯಬೇಕು. ಸೋಡಿಯಂ ಬೆಂಚಿನವರು ಎನ್‌ಸಿಇಆರ್‌ಟಿ ಪುಸ್ತಕ ತಿರುವಿ ಹುಡುಕಿದರು. ಅನಿಲ ಸ್ಥಿತಿಯ ಸೋಡಿಯಂನಿಂದ ಎಲೆಕ್ಟ್ರಾನ್ ಬಿಡಿಸಲು ಮೋಲ್‌ಗೆ 495.8 ಕಿಲೋಜೌಲ್ ಹಾಕಬೇಕು. ಬರೆದರು. ಕ್ಲೋರಿನ್ ಬೆಂಚಿನವರು ಎಲೆಕ್ಟ್ರಾನ್ ಸೇರಿದಾಗ ಹೊರಬರುವುದನ್ನು ಬರೆದರು: ಮೈನಸ್ 348.7. ಕೆಳಗಿನ ಮೊತ್ತದ ಸೆಲ್ ಪ್ಲಸ್ ಆದರೆ ಕೆಂಪು ಆಗುವ ಹಾಗೆ ಮೊದಲೇ ಮಾಡಿಟ್ಟಿದ್ದೆ. 147.1 ಅಂತ ಬಂತು. ಎಲ್ಲ ಸ್ಕ್ರೀನಿನಲ್ಲೂ ಒಟ್ಟಿಗೆ ಕೆಂಪು.

"ಸರ್, ಲಾಸ್!" ಅಂತ ಹಿಂದಿನ ಬೆಂಚಿನಿಂದ ಕೂಗು. ಮನೆಯಲ್ಲಿ ಅಂಗಡಿ ವ್ಯಾಪಾರ ನೋಡಿ ಬೆಳೆದ ಹುಡುಗ ಅವನು. ಇಷ್ಟು ನಷ್ಟಕ್ಕೆ ಯಾರು ಕೊಡುತ್ತಾರೆ ಅಂತ ಅವನ ವಾದ. ಕ್ಲೋರಿನ್ ಬೆಂಚಿನವರು ಮೆತ್ತಗೆ ಸೋಡಿಯಂನ ಅಂಕಿಯನ್ನೇ ಅಳಿಸಿ 300 ಮಾಡಿದರು. ಮೊತ್ತ ಹಸಿರಾಯಿತು. ಸೋಡಿಯಂನವರು ವಾಪಸ್ ಹಾಕಿದರು. ಇವರು ಮತ್ತೆ ಅಳಿಸಿದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಅಷ್ಟರಲ್ಲಿ ಆ ಸೆಲ್‌ಗೆ ಒಂದು ಕಮೆಂಟ್ ಬಂತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ, ತರಗತಿಯಲ್ಲಿ ಎದ್ದು ನಿಂತು ಮಾತಾಡಿದ್ದು ಕಡಿಮೆ. ಬರೆದಿದ್ದಳು: "ಸೋಡಿಯಂ ತಾನಾಗಿ ಕೊಡುವುದಿಲ್ಲ. ಕಿತ್ತುಕೊಳ್ಳಬೇಕು. ಹಾಗಾದ್ರೆ ಉಪ್ಪು ಆಗೋದು ಹೇಗೆ?"

ನಾನು ಕೇಳಬೇಕು ಅಂತ ಇದ್ದ ಪ್ರಶ್ನೆ ಅದೇ. ಅವಳೇ ಕೇಳಿದ್ದು ಒಳ್ಳೆಯದಾಯಿತು.

ಆ 147.1 ಅನ್ನೋದು ಎರಡು ಅಯಾನುಗಳು (ಎಲೆಕ್ಟ್ರಾನ್ ಕಳೆದು ಪ್ಲಸ್ ಆದ ಸೋಡಿಯಂ, ಪಡೆದು ಮೈನಸ್ ಆದ ಕ್ಲೋರೈಡ್) ಒಂದಕ್ಕೊಂದು ದೂರ ನಿಂತಾಗಿನ ಲೆಕ್ಕ ಅಲ್ವಾ? ಹತ್ತಿರ ಬರಲಿ ಅಂದೆ. ಉಳಿದ ಬೆಂಚುಗಳಿಗೆಲ್ಲ ಒಂದಷ್ಟು ಸೋಡಿಯಂ ಅಯಾನು, ಒಂದಷ್ಟು ಕ್ಲೋರೈಡ್ ಅಯಾನು ಕೊಟ್ಟು ಒಂದೇ ಸ್ಲೈಡಿನಲ್ಲಿ ಜೋಡಿಸಲು ಹೇಳಿದೆ. ಮೊದಲು ಎಲ್ಲರೂ ಜೋಡಿ ಜೋಡಿಯಾಗಿ ದೂರ ದೂರ ಇಟ್ಟರು. ಬಸ್ಸಿನ ಸೀಟಿನ ಹಾಗೆ. ಆಮೇಲೆ ಯಾರೋ ಒಬ್ಬರು ಇನ್ನೊಂದು ಜೋಡಿಯ ಕ್ಲೋರೈಡನ್ನು ತಮ್ಮ ಸೋಡಿಯಂ ಪಕ್ಕಕ್ಕೆ ಎಳೆದರು. ಪ್ಲಸ್ ಪಕ್ಕ ಮೈನಸ್, ತಪ್ಪೇನು? ಸ್ವಲ್ಪ ಹೊತ್ತಿನಲ್ಲಿ ಇಡೀ ಸ್ಲೈಡ್ ಚದುರಂಗದ ಹಾಸು. ಒಂದು ಸೋಡಿಯಂ ಸುತ್ತ ನಾಲ್ಕು ಕ್ಲೋರೈಡ್. ಮೇಲೊಂದು, ಕೆಳಗೊಂದು ಸ್ಲೈಡಿನಲ್ಲಿ ತೋರಿಸಲು ಆಗುವುದಿಲ್ಲ, ಸೇರಿಸಿಕೊಳ್ಳಿ ಅಂದೆ. ಒಟ್ಟು ಆರು. ಪ್ರತಿ ಕ್ಲೋರೈಡಿಗೂ ಆರು ಸೋಡಿಯಂ. ಈಗ ಶೀಟಿನಲ್ಲಿ ಲ್ಯಾಟಿಸ್ ಸಾಲು ತೆರೆದೆ, ಅಂದರೆ ಅಯಾನುಗಳು ಹೀಗೆ ಹರಳಾಗಿ ಜೋಡಿಸಿಕೊಂಡಾಗ ಹೊರಬರುವ ಶಕ್ತಿ: ಮೈನಸ್ 788. ಮೊತ್ತ ಮೈನಸ್ 640.9ಕ್ಕೆ ಇಳಿಯಿತು. ಅಂಗಡಿ ಹುಡುಗನಿಗೆ ಸಮಾಧಾನ.

ಮದುವೆಯ ಹೋಲಿಕೆ ಎಲ್ಲಿಗೆ ಹೋಯಿತು ನೋಡು! ಇದರಲ್ಲಿ ಜೋಡಿಯೇ ಇಲ್ಲ. ಪ್ರತಿಯೊಬ್ಬರಿಗೂ ಆರಾರು ಜನ. ಇದನ್ನು ಮದುವೆಯ ಪ್ರಸಂಗದಲ್ಲಿ ಪೂರ್ತಿ ಹೇಳಲು ಹೊರಟರೆ ಫಾದರ್ ಗತಿ ಏನು?

ಹೀಗೆ ಮಾಡುವುದರ ಲಾಭ ನನಗೆ ಕಂಡದ್ದು ಇಷ್ಟು. ನಾನು ಬೋರ್ಡಿನಲ್ಲಿ ಬರೆದಿದ್ದರೆ ಎಲ್ಲರೂ ನೋಟ್ಸ್‌ಗೆ ಇಳಿಸಿಕೊಂಡು ತಲೆ ಆಡಿಸುತ್ತಿದ್ದರು. ತಲೆಯೊಳಗಿನ ಜೋಡಿ ಚಿತ್ರ ಹಾಗೇ ಇರುತ್ತಿತ್ತು. ಒಂದೇ ಹಾಳೆಯನ್ನು ಎಲ್ಲರೂ ಒಟ್ಟಿಗೆ ಮುಟ್ಟಿದಾಗ ಯಾರ ತಲೆಯಲ್ಲಿ ಏನಿದೆ ಅಂತ ಹೊರಗೆ ಬಿತ್ತು. ತೊಂದರೆಯೂ ಇದೆ. ಮೌಸ್ ಒಬ್ಬರ ಕೈಯಲ್ಲೇ ಉಳಿಯುತ್ತದೆ, ಆಗಾಗ ಕೈ ಬದಲಿಸಿ ಅಂತ ಕೂಗಬೇಕು. ಮಳೆ ಜೋರಾದರೆ ನೆಟ್ ಹೋಗುತ್ತದೆ. ಚಾಕ್‌ಪೀಸ್ ಯಾವತ್ತೂ ಹ್ಯಾಂಗ್ ಆಗುವುದಿಲ್ಲ, ಅದಂತೂ ನಿಜ.

ಬೈಬಲ್ ಕಡೆಗೂ ಬಂತು, ನಾನು ತಂದದ್ದಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪನ್ನು ಮನೆಯಿಂದ ತಂದು ಲ್ಯಾಬಿನ ಕ್ಯಾಮೆರಾ ಕೆಳಗೆ ಇಟ್ಟಿದ್ದೆ. ಸ್ಕ್ರೀನಿನಲ್ಲಿ ದೊಡ್ಡದಾಗಿ ಕಂಡಾಗ ಹರಳಿನ ಚೌಕ ಮೂಲೆಗಳು ಚೆನ್ನಾಗಿ ಕಂಡವು. ಅಂಚು ಸ್ವಲ್ಪ ಒದ್ದೆ ಒದ್ದೆ. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು, ಲ್ಯಾಟಿಸ್ ಅಷ್ಟು ಗಟ್ಟಿ ಅಂತ ಹೇಳುತ್ತಿದ್ದೆ. ಕ್ಯಾಟೆಕಿಸಂ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಭೂಮಿಯ ಉಪ್ಪು ಅನ್ನುತ್ತಾನಲ್ಲ, ಉಪ್ಪು ಸಪ್ಪೆಯಾದರೆ ಏನು ಮಾಡುತ್ತೀರಿ ಅಂತಾನಲ್ಲ, ಇಷ್ಟು ಗಟ್ಟಿ ಬಾಂಡ್ ಇರುವ ಉಪ್ಪು ಸಪ್ಪೆ ಆಗೋದು ಹೇಗೆ ಸರ್?

ಒಳ್ಳೆಯ ಪ್ರಶ್ನೆ ಅಲ್ವಾ? ಶುದ್ಧ ಸೋಡಿಯಂ ಕ್ಲೋರೈಡ್ ಸಪ್ಪೆ ಆಗುವುದಿಲ್ಲ, ನೀನು ಹೇಳಿದ್ದು ಸರಿ ಅಂದೆ. ಆದರೆ ಆ ಕಾಲದ ಉಪ್ಪು ಪ್ಯಾಕೆಟ್ ಉಪ್ಪಲ್ಲ. ಮೃತ ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡಿಗಿಂತ ಮೆಗ್ನೀಸಿಯಂ ಕ್ಲೋರೈಡೇ ಜಾಸ್ತಿ. ಅಂಥ ಕಡೆಯ ಉಪ್ಪಿನಲ್ಲಿ ಮಣ್ಣು, ಜಿಪ್ಸಂ ಎಲ್ಲ ಬೆರೆತಿರುತ್ತದೆ. ತೇವ ತಾಗಿ ಸೋಡಿಯಂ ಕ್ಲೋರೈಡ್ ಕರಗಿ ಹೋದರೆ ಉಳಿಯುವ ಬಿಳಿ ಪುಡಿ ನೋಡಲು ಉಪ್ಪು, ಬಾಯಿಗೆ ಸಪ್ಪೆ. ಬೈಬಲ್ ವ್ಯಾಖ್ಯಾನಕಾರರು ಕೊಡುವ ವಿವರಣೆಗಳಲ್ಲಿ ಇದೂ ಒಂದು. ಮಳೆಗಾಲದಲ್ಲಿ ಮನೆಯ ಭರಣಿಯ ಹರಳುಪ್ಪು ನೀರು ಬಿಡುತ್ತದಲ್ಲ, ಅದಕ್ಕೂ ಮೆಗ್ನೀಸಿಯಂ ಕ್ಲೋರೈಡೇ ಕಾರಣ, ಅದು ಗಾಳಿಯ ತೇವ ಎಳೆಯುತ್ತದೆ ಅಂದಾಗ ಎಲ್ಲರೂ ಸ್ಕ್ರೀನಿನ ಆ ಒದ್ದೆ ಅಂಚನ್ನು ಮತ್ತೊಮ್ಮೆ ನೋಡಿದರು. ವಾಕ್ಯವೂ ಉಳಿಯಿತು, ಕೆಮಿಸ್ಟ್ರಿಯೂ ಉಳಿಯಿತು.

ಇನ್ನೊಂದು ಆಸೆ ಕೆಲವು ಉಪನ್ಯಾಸಕರಿಗೆ ಇರುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಸಮಸ್ತವೂ ಕ್ರಿಸ್ತನಲ್ಲಿ ಒಂದಾಗಿ ನಿಂತಿದೆ ಎಂಬ ಅರ್ಥದ ಮಾತಿದೆ. ಅದನ್ನು ತಂದು ಬಾಂಡಿಂಗ್ ಪಾಠದ ತಲೆಬರಹ ಮಾಡುವುದು. ಇದಕ್ಕೆ ನಾನು ಚಾರ್ಲ್ಸ್ ಕೂಲ್ಸನ್ ಹೆಸರು ಹೇಳುತ್ತೇನೆ. ಆಕ್ಸ್‌ಫರ್ಡಿನಲ್ಲಿ ಗಣಿತದ ಪ್ರೊಫೆಸರ್, ವೇಲೆನ್ಸಿಯ, ಅಂದರೆ ಪರಮಾಣುಗಳು ಹೇಗೆ ಬಾಂಡ್ ಕಟ್ಟುತ್ತವೆ ಅನ್ನುವುದರ, ಕ್ವಾಂಟಂ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರು. ಅದರ ಬಗ್ಗೆ ಅವರು 1952ರಲ್ಲಿ ಬರೆದ ಪುಸ್ತಕವನ್ನು ಒಂದು ತಲೆಮಾರೇ ಓದಿತು. ಅದೇ ಮನುಷ್ಯ ಮೆಥಡಿಸ್ಟ್ ಸಭೆಯ ಬೋಧಕ ಕೂಡ. ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲದ ಸಂದುಗಳಲ್ಲಿ ದೇವರನ್ನು ತುರುಕಬೇಡಿ, ವಿಜ್ಞಾನ ಬೆಳೆದ ಹಾಗೆ ಆ ಸಂದು ಮುಚ್ಚಿಹೋಗುತ್ತದೆ ಅಂತ ಭಕ್ತರಿಗೇ ಬುದ್ಧಿ ಹೇಳಿದವರು. ನಮ್ಮ ಪುಸ್ತಕದಲ್ಲೇ ನೋಡು, ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ಇರಬೇಕು ಅನ್ನುವ ಆಕ್ಟೆಟ್ ನಿಯಮ ಕೈಕೊಡುವ ಪುಟದಲ್ಲಿ ದೇವರನ್ನು ನಿಲ್ಲಿಸಿದರೆ ಹತ್ತಿಪ್ಪತ್ತು ಪುಟ ದಾಟುವಷ್ಟರಲ್ಲಿ ಎಲೆಕ್ಟ್ರಾನ್ ಇಡೀ ಅಣುವಿಗೆ ಸೇರಿದ್ದು ಅನ್ನುವ ಮಾಲಿಕ್ಯುಲರ್ ಆರ್ಬಿಟಲ್ ಸಿದ್ಧಾಂತ ಬಂದು ಜಾಗ ಬಿಡಿಸುತ್ತದೆ.

ಕೂಲ್ಸನ್ ಇನ್ನೊಂದು ಮಾತನ್ನೂ ಹೇಳಿದ್ದರು. ಕೆಮಿಕಲ್ ಬಾಂಡ್ ಅನ್ನೋದು ನಿಜವಾದ ವಸ್ತುವಲ್ಲ, ಯಾರೂ ಅದನ್ನು ನೋಡಿಲ್ಲ, ಅದು ನಮ್ಮ ಕಲ್ಪನೆಯದು ಅಂತ. ಜೀವನವಿಡೀ ಬಾಂಡಿನ ಲೆಕ್ಕ ಮಾಡಿದವರು ಹೇಳುವ ಮಾತಾ ಇದು! ಇದನ್ನು ಮಕ್ಕಳಿಗೆ ತೋರಿಸಲು ಫೆಟ್ (PhET) ಎಂಬ ಆನ್‌ಲೈನ್ ಸಿಮ್ಯುಲೇಶನ್ ಒಳ್ಳೆಯದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಮರುವರ್ಷ ಕೊಲೊರಾಡೊದಲ್ಲಿ ಶುರು ಮಾಡಿದ್ದು, ಎಲ್ಲ ಉಚಿತ. ಅದರಲ್ಲಿ ಅಣುಗಳ ಆಕಾರದ ಭಾಗಕ್ಕೆ ಹೋಗಿ ನೀರನ್ನು ಆರಿಸು. 'ಮಾಡೆಲ್' ಒತ್ತಿದರೆ ಕೋನ 109.5 ಡಿಗ್ರಿ. 'ರಿಯಲ್' ಒತ್ತಿದರೆ 104.5. ಮಕ್ಕಳು ಅದನ್ನೇ ಹಿಂದೆ ಮುಂದೆ ಒತ್ತುತ್ತಾ ಕೂತರು. ಆಕ್ಸಿಜನ್ನಿನ ಎರಡು ಒಂಟಿ ಜೋಡಿಗಳು (ಬಾಂಡಿನಲ್ಲಿ ಸೇರದ ಎಲೆಕ್ಟ್ರಾನ್ ಜೋಡಿಗಳು) ಜಾಸ್ತಿ ಜಾಗ ಹಿಡಿದು ಹೈಡ್ರೋಜನ್‌ಗಳನ್ನು ಹತ್ತಿರ ತಳ್ಳುತ್ತವೆ ಅಂತ ಒಂದು ಬೆಂಚು ಶೀಟಿನಲ್ಲಿ ಬರೆದಿತ್ತು. ಇನ್ನೊಂದು ಬೆಂಚು ಬರೆದದ್ದು: "ಹಾಗಾದರೆ ಆ ಕಡ್ಡಿ ಯಾಕೆ ತೋರಿಸ್ತಾರೆ? ಅಲ್ಲಿ ಕಡ್ಡಿ ಇಲ್ಲವಲ್ಲ." ಅವರಿಗೆ ಕೂಲ್ಸನ್ ಮಾತು ಹೇಳಿದೆ. ಖುಷಿಯಾದರು.

ಮೌಲ್ಯದ ಕಾಲಂ ಏನಾಯಿತು ಅಂತ ನೀನು ಕೇಳಿಯೇ ಕೇಳುತ್ತೀಯ. "ಸುಳ್ಳು ಸಾಕ್ಷಿ ಹೇಳಬಾರದು" ಅಂತ ಬರೆದೆ. ದಶಾಜ್ಞೆಯಲ್ಲಿ ಇರುವುದೇ ತಾನೇ? ಸೋಡಿಯಂ ಪರವಾಗಿಯೂ ಹೇಳಬಾರದು. ಸಿಸ್ಟರ್ ಓದಿದರು, ಕನ್ನಡಕ ಸರಿ ಮಾಡಿಕೊಂಡರು, ಸಹಿ ಹಾಕಿದರು. ಆಮೇಲೆ ಶೀಟಿನ ಲಿಂಕ್ ತಮಗೂ ಕಳಿಸಿ ಅಂದರು. ಅವರೂ ಒಂದು ಕಾಲದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿದವರಂತೆ.

ಈಗ ನಿನ್ನಿಂದ ಒಂದು ಸಹಾಯ ಬೇಕು. ಮುಂದಿನ ವಾರ ಆಕ್ಸಿಜನ್. ಮಕ್ಕಳು ಹೊರಕವಚದ ಎಲೆಕ್ಟ್ರಾನ್ ತೋರಿಸುವ ಲೂಯಿಸ್ ಚುಕ್ಕೆಗಳನ್ನಿಟ್ಟು ಎಲ್ಲ ಎಲೆಕ್ಟ್ರಾನನ್ನೂ ಜೋಡಿ ಮಾಡಿ, ಡಬಲ್ ಬಾಂಡ್ ಎಳೆದು, ಮುಗೀತು ಸರ್ ಅನ್ನುತ್ತಾರೆ. ದ್ರವ ಆಕ್ಸಿಜನ್ ಅಯಸ್ಕಾಂತದ ಎರಡು ತುದಿಗಳ ನಡುವೆ ಅಂಟಿಕೊಂಡು ನಿಲ್ಲುವ ವಿಡಿಯೋ ತೋರಿಸಿದರೆ ಆ ಚಿತ್ರ ಬೀಳುತ್ತದೆ. ಜೋಡಿಯಾಗದ ಎಲೆಕ್ಟ್ರಾನ್ ಇದ್ದರೆ ತಾನೇ ಹೀಗೆ ಅಂಟುವುದು, ಆ ಎರಡು ಎಲೆಕ್ಟ್ರಾನ್ ಎಲ್ಲಿವೆ ಅಂತ ಕೇಳಬಹುದು. ವಿಡಿಯೋ ಮೊದಲು ತೋರಿಸಲಾ, ಚುಕ್ಕೆ ಇಡಿಸಿದ ಮೇಲೆ ತೋರಿಸಲಾ? ಮೊದಲೇ ತೋರಿಸಿದರೆ ಚುಕ್ಕೆ ಇಡುವ ಉತ್ಸಾಹ ಹೋಗುತ್ತದೆ. ಆಮೇಲೆ ತೋರಿಸಿದರೆ "ಮತ್ತೆ ಲೂಯಿಸ್ ಯಾಕೆ ಕಲಿಸಿದ್ರಿ" ಅಂತ ಜಗಳಕ್ಕೆ ಬರುತ್ತಾರೆ. ನೀನು ಈ ಪಾಠ ನನಗಿಂತ ಜಾಸ್ತಿ ಸಲ ಮಾಡಿದವನು. ಹೇಗೆ ಶುರು ಮಾಡುತ್ತೀಯ ಅಂತ ಬರೆ. ಶೀಟಿನ ಕಾಪಿ ಇದರ ಜೊತೆ ಕಳಿಸುತ್ತಿದ್ದೇನೆ. ಮೊತ್ತದ ಸೆಲ್ ಮಾತ್ರ ಲಾಕ್ ಮಾಡು, ಉಳಿದದ್ದನ್ನು ಅವರು ಕೆಡಿಸಲಿ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಮಂಗಳೂರಿನ ಗೆಳೆಯ