ಹಾಲು ಸಕ್ಕರೆ ಅಂಗಿ

ನ್ಯೂ ಆರ್ಲಿಯನ್ಸ್, ಅಮೆರಿಕ

ತೀರ್ಥರೂಪ ಅಪ್ಪಾಜಿಗೆ,

ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ?

ಇಲ್ಲಿಯ ಸೆಕೆ ನಮ್ಮ ದಾವಣಗೆರೆ ಬಿಸಿಲಿನಂತಲ್ಲ. ಮೈಮೇಲಿನ ಬೆವರು ಆರುವುದೇ ಇಲ್ಲ. ಅದಕ್ಕೇ ಹೋದ ವಾರ ಒಂದು ತೆಳು ಹತ್ತಿ ಅಂಗಿ ತಗೊಂಡೆ. ಬಿಳಿ ನೀಲಿ ಪಟ್ಟೆ. ನಿಮ್ಮ ಪಟ್ಟಾಪಟ್ಟಿ ಚಡ್ಡಿ ನೆನಪಾಗಿ ಅಂಗಡಿಯಲ್ಲೇ ನಗು ಬಂತು. ಮನೆಗೆ ತಂದು ನೋಡಿದರೆ ಒಂದು ಪಟ್ಟೆ ನುಣುಪು, ಪಕ್ಕದ್ದು ಸುಕ್ಕುಸುಕ್ಕು! ಎರಡು ಸಲ ಇಸ್ತ್ರಿ ತಿಕ್ಕಿದೆ, ಹೋಗಲಿಲ್ಲ. ದುಡ್ಡು ದಂಡ ಅಂದುಕೊಂಡೆ.

ಆಮೇಲೆ ಗೊತ್ತಾಯಿತು, ಆ ಸುಕ್ಕು ಮಗ್ಗದಲ್ಲೇ ಹುಟ್ಟಿದ್ದಂತೆ. ಉದ್ದಕ್ಕೆ ಹೋಗುವ ಹಾಸಿನ ನೂಲನ್ನು ಎರಡು ಉರುಳೆಗೆ ಸುತ್ತುತ್ತಾರೆ. ಒಂದನ್ನು ಬಿಗಿಯಾಗಿ ಎಳೆದು, ಇನ್ನೊಂದನ್ನು ಸಡಿಲ ಬಿಡುತ್ತಾರೆ. ಸಡಿಲ ನೂಲಿನ ಪಟ್ಟೆ ಉಬ್ಬಿಕೊಂಡು ನಿಲ್ಲುತ್ತದೆ. ಬಟ್ಟೆ ಮೈಗೆ ಅಂಟುವುದಿಲ್ಲ, ಗಾಳಿ ಆಡುತ್ತದೆ. ಗಿರಣಿಯಲ್ಲಿ ಅಷ್ಟು ವರ್ಷ ಮಗ್ಗ ನೋಡಿಕೊಂಡವರು ನೀವು. ನೂಲು ಸಡಿಲ ಬಿದ್ದರೆ ಬೈಗುಳ ತಿನ್ನುತ್ತಿದ್ದಿರಿ ಅಲ್ವಾ? ಇಲ್ಲಿ ಅದಕ್ಕೇ ಜಾಸ್ತಿ ದುಡ್ಡು!

ಹೆಸರು ಸೀರ್‌ಸಕರ್. ಶುದ್ಧ ಇಂಗ್ಲಿಷ್ ಅಂದುಕೊಂಡಿದ್ದೆ. ಅಲ್ಲ. ಪರ್ಷಿಯನ್ನಿನ ‘ಶೀರ್ ಓ ಶಕ್ಕರ್’, ಅಂದರೆ ಹಾಲು ಮತ್ತು ಸಕ್ಕರೆ. ನುಣುಪು ಪಟ್ಟೆ ಹಾಲು, ಒರಟು ಪಟ್ಟೆ ಸಕ್ಕರೆ. ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ಬಟ್ಟೆ ನಮ್ಮ ದೇಶದಿಂದ ಹಡಗು ಹತ್ತಿತು. ಹೆಸರೂ ಜೊತೆಗೇ ಹೋಗಿ ಇಂಗ್ಲಿಷರ ನಾಲಿಗೆಯಲ್ಲಿ ಹೀಗಾಯಿತು.

ಪರ್ಷಿಯನ್ನಿನ ಶಕ್ಕರ್, ನಮ್ಮ ಸಕ್ಕರೆ ಎರಡಕ್ಕೂ ಮೂಲ ಸಂಸ್ಕೃತದ ‘ಶರ್ಕರಾ’. ಅದಕ್ಕೆ ಮೊದಲಿದ್ದ ಅರ್ಥ ಗರಸು, ಸಣ್ಣ ಕಲ್ಲು. ಅಂಗಿ ಮೇಲೆ ಕೈಯಾಡಿಸಿದರೆ ನನಗೆ ಸಕ್ಕರೆಗಿಂತ ಗರಸೇ ಸರಿ ಅನಿಸುತ್ತದೆ.

ಈ ಊರಲ್ಲಿ ಹ್ಯಾಸ್ಪೆಲ್ ಅನ್ನುವವರು 1909ರಲ್ಲಿ ಶುರು ಮಾಡಿದ ಕಂಪನಿ ಇದರಲ್ಲೇ ಸೂಟು ಹೊಲಿದು ಹೆಸರು ಮಾಡಿತು. ಬೇಸಿಗೆಯಲ್ಲಿ ದೊಡ್ಡ ದೊಡ್ಡ ವಕೀಲರೂ ಪಟ್ಟಾಪಟ್ಟಿ ಸೂಟಿನಲ್ಲೇ ಓಡಾಡುತ್ತಾರೆ. ಇನ್ನು ನಿಮ್ಮ ಚಡ್ಡಿಗೆ ನಾನು ನಗುವುದಿಲ್ಲ.

ನಿಮಗೂ ಒಂದು ಅಂಗಿ ತೆಗೆದಿಟ್ಟಿದ್ದೇನೆ, ದೀಪಾವಳಿಗೆ ಬರುವಾಗ ತರುತ್ತೇನೆ. ತಿರುಗಿಸಿ ನೋಡಿ, ನೇಯ್ಗೆ ಹೇಗಿದೆ ಹೇಳಿ. ಅಮ್ಮನಿಗೆ ಮಾತ್ರ ಈಗಲೇ ಹೇಳಿಡಿ, ಇಸ್ತ್ರಿಗೆ ಕೊಡುವುದು ಬೇಡ.

ಇಂತಿ ನಿಮ್ಮ ಮಗ